ಬಾವಿ ನೀರು ಕೊಳೆತ ಮೊಟ್ಟೆ ಥರ ನಾರುತ್ತಿದೆ, ಏನು ಮಾಡಲಿ?

ಮೊದಲು ಬೆಳಿಗ್ಗೆ ಎದ್ದ ಕೂಡಲೇ ತಣ್ಣೀರಿನ ನಲ್ಲಿಯಿಂದ ಒಂದು ಲೋಟ, ಗೀಸರ್‌ನಿಂದ ಒಂದು ಲೋಟ ಹಿಡಿದು ಮೂಸಿ ನೋಡಿ. ಬಿಸಿನೀರು ಮಾತ್ರ ನಾರಿದರೆ, ಗೀಸರ್ ಒಳಗೆ ತುಕ್ಕು ತಡೆಯಲು ಇಟ್ಟಿರುವ ಮೆಗ್ನೀಸಿಯಂ ಕಡ್ಡಿಯ ಮೇಲೆ ಅನುಮಾನ ಪಡಿ.

ಎರಡೂ ನಾರಿದರೆ ವಾಸನೆ ಬಾವಿಯದೇ. ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ನೀರಿನಲ್ಲಿರುವ ಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುತ್ತವೆ. ಇವುಗಳಿಂದ ಸಾಮಾನ್ಯವಾಗಿ ಕಾಯಿಲೆ ಬರಲ್ಲ. ಆದರೆ ಶೌಚದ ಗುಂಡಿಯ ಕೊಳಕು ಸೇರಿದರೂ ಇಂಥದ್ದೇ ವಾಸನೆ ಬರಬಹುದು. ಅದಕ್ಕೇ ನೀರನ್ನು ಲ್ಯಾಬ್‌ಗೆ ಕೊಡಿ, ಫಲಿತಾಂಶ ಬರುವ ತನಕ ಚೆನ್ನಾಗಿ ಕುದಿಸಿಯೇ ಕುಡಿಯಿರಿ.

ಆಮೇಲೆ ಬ್ಲೀಚಿಂಗ್ ಪೌಡರ್. ಬಾವಿ 2 ಮೀಟರ್ ಅಗಲ, ನೀರು 3 ಮೀಟರ್ ಆಳ ಇದ್ದರೆ ಸುಮಾರು 9,400 ಲೀಟರ್ ಆಯಿತು. 1,000 ಲೀಟರ್‌ಗೆ 150 ಗ್ರಾಂನಂತೆ 1.4 ಕೆ.ಜಿ. ಬೇಕು. ಪೌಡರ್ ಹೊಸದಿರಲಿ, ತೆರೆದಿಟ್ಟ ಹಳೆಯದರಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಾವಿಗೆ ಹುಯ್ಯಿರಿ. ಕೊಡ ಇಳಿಸಿ ಎತ್ತಿ ಕಲಕಿ. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವ ತನಕ ನೀರು ಬಿಟ್ಟು, ರಾತ್ರಿಯಿಡೀ ಹಾಗೇ ಇರಿಸಿ. ಮರುದಿನ ವಾಸನೆ ಹೋಗುವವರೆಗೆ ಪಂಪ್ ಮಾಡಿ ಚೆಲ್ಲಿ, ಗಿಡಗಳಿಗೆ ಬೇಡ.

ದಯವಿಟ್ಟು ಯಾರನ್ನೂ ಬಾವಿಗೆ ಇಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಅನಿಲ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯಲ್ಲ, ಜೀವ ಹೋಗುತ್ತದೆ.

ಕೆಲವೇ ವಾರದಲ್ಲಿ ಮತ್ತೆ ನಾತ ಬಂದರೆ ಅನಿಲ ನೆಲದೊಳಗಿಂದಲೇ ಬರುತ್ತಿರಬಹುದು. ಆಗ ಟ್ಯಾಂಕಿಗೆ ನೀರನ್ನು ಶವರ್ ಥರ ಮೇಲಿಂದ ಬೀಳಿಸಿ, ಗಾಳಿಗೆ ಸಾಕಷ್ಟು ಹೋಗಿಬಿಡುತ್ತದೆ.