ಪ್ರತಿಕ್ರಿಯೆ: ಕಡಿಮೆ ಹಾರುವ ವಿಮಾನಕ್ಕೂ ತಪಾಸಣೆಯ ಗಡುವು ಉಂಟೇ?

ಹಾಸನದಲ್ಲಿ ವಾಸವಿದ್ದು ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯಲ್ಲಿ ನಿಲ್ಲಿಸಿರುವ ತಮ್ಮ ಹಳೆಯ ಸೆಸ್ನಾ 172 ಎಂಬ ಪುಟ್ಟ ವಿಮಾನ ವರ್ಷಕ್ಕೆ ನಲವತ್ತು ಗಂಟೆಯೂ ಹಾರುವುದಿಲ್ಲವಾದ್ದರಿಂದ ತಪಾಸಣೆಯನ್ನು ಮುಂದೂಡಬಹುದೇ ಎಂದು ತಾವು ಕೇಳಿದ್ದೀರಿ. ದಯವಿಟ್ಟು ಮುಂದೂಡಬೇಡಿ.

ಸೀಟು ಹಿಂದೆ ಮುಂದೆ ಸರಿಯುವ ಹಳಿಗಳಿಗೆ ಸಂಬಂಧಿಸಿದ 2011-10-09 ಸಂಖ್ಯೆಯ ಹಾರಾಟ ಯೋಗ್ಯತಾ ನಿರ್ದೇಶನವನ್ನೇ (ಸುರಕ್ಷತೆಗಾಗಿ ಕಡ್ಡಾಯವಾಗಿ ಪಾಲಿಸಬೇಕಾದ ಆದೇಶವನ್ನೇ) ನೋಡಿ: 100 ಗಂಟೆಗಳ ಹಾರಾಟ ಅಥವಾ 12 ತಿಂಗಳು, ಇವುಗಳಲ್ಲಿ ಯಾವುದು ಮೊದಲು ಬರುತ್ತದೆಯೋ ಆಗ ಆ ಹಳಿಗಳನ್ನು ಮತ್ತೆ ಪರೀಕ್ಷಿಸಲೇಬೇಕು. ಹಳಿಯ ರಂಧ್ರ ಸವೆದು ಅಂಡಾಕಾರಕ್ಕೆ ತಿರುಗಿ, ಸೀಟನ್ನು ಹಿಡಿದಿಡುವ ಪಿನ್ನು ಸರಿಯಾಗಿ ಕೂರದಿದ್ದರೆ, ನೆಲ ಬಿಟ್ಟೇಳುವ ಹೊತ್ತಿಗೆ ಸೀಟು ಹಿಂದಕ್ಕೆ ಜಾರಿ ಪೈಲಟ್‌ನ ಕೈಗೆ ನಿಯಂತ್ರಣವೇ ಎಟುಕದಂತಾಗುತ್ತದೆ.

ನಿಂತ ವಿಮಾನಕ್ಕೆ ಸವಕಳಿಯಿಲ್ಲವೆಂಬ ಮಾತನ್ನು, ಚಿಕ್ಕಮಗಳೂರಿನ ಮಳೆಗಾಲದಲ್ಲಿ ಮೂಲೆಯಲ್ಲಿಟ್ಟ ಕತ್ತಿಗೂ ತುಕ್ಕು ಹಿಡಿಯುವುದನ್ನು ಕಂಡಿರುವ ನಾನು ಒಪ್ಪಲಾರೆ. ಇಂಥ ಅನೇಕ ವಿಮಾನಗಳಲ್ಲಿರುವ ಲೈಕಮಿಂಗ್ ಎಂಜಿನ್ನಿನ ಕ್ಯಾಮ್‌ಶಾಫ್ಟ್ (ಕವಾಟಗಳನ್ನು ತೆರೆಯುವ ದಂಡ) ಮೇಲ್ಭಾಗದಲ್ಲಿರುವುದರಿಂದ ಎಣ್ಣೆ ಇಳಿದುಹೋಗಿ, ತೇವಕ್ಕೆ ಅದರ ಮೈಮೇಲೆ ತುಕ್ಕು ಏಳುತ್ತದೆ.

ದಾಖಲೆಯಲ್ಲಿ 'ನಿರ್ದೇಶನ ಪಾಲಿಸಲಾಗಿದೆ' ಎಂದಷ್ಟೇ ಬರೆದರೆ ಸಾಲದು. ಅದರ ಸಂಖ್ಯೆ, ಪಾಲಿಸಿದ ವಿಧಾನ, ದಿನಾಂಕ, ಆಗಿನ ಒಟ್ಟು ಗಂಟೆಗಳು, ಮುಂದಿನ ಗಡುವು ಹಾಗೂ ಪರವಾನಗಿಯುಳ್ಳ ಎಂಜಿನಿಯರರ ಸಹಿ ಇರಲೇಬೇಕು. ನಮ್ಮ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ವ್ಯವಸ್ಥೆಯಲ್ಲಿ ಹಾರಾಟ ಯೋಗ್ಯತಾ ಪರಿಶೀಲನಾ ಪ್ರಮಾಣಪತ್ರ ಒಂದು ವರ್ಷ ಊರ್ಜಿತವಾಗಿರುತ್ತದೆ, ಆದರೆ ನಡುವೆ ಬರುವ ಹೊಸ ನಿರ್ದೇಶನಗಳಿಂದ ಅದು ವಿನಾಯಿತಿ ಕೊಡುವುದಿಲ್ಲ.