ಮೈದುನ ತಂದ ಹಸ್ಕಿ ಮರಿ, ನಡುವ ಸಿಕ್ಕ ವೈನಿ

ಪ್ರಶ್ನೆ: ಅಕ್ಕಾ, ನಮ್ದು ಕಲಬುರಗಿ, ಸೇಡಂ ರೋಡ್ ಕಡಿ ಬಾಡಗಿ ಮನಿ, ಎರಡನೇ ಫ್ಲೋರು. ಹೋದ ವಾರ ಮಗಳಿಗೆ 8 ತುಂಬಿದ್ವು. ಹೈದರಾಬಾದ್‌ದಾಗ ಇರೋ ಮೈದುನ ಬರ್ತ್‌ಡೇಕ್ಕ ಬಂದವ್ನು ಎಲ್ಲಾರ ಮುಂದ ಒಂದು ಡಬ್ಬಿ ತಂದು ಅಕಿ ತೊಡಿ ಮ್ಯಾಲಿಟ್ಟ, ತೆಗದ್ರ ಒಳಗ ಹಸ್ಕಿ ನಾಯಿ ಮರಿ, 40 ದಿನದ್ದಂತ. ನಮಗ ಒಂದ್ ಮಾತು ಕೇಳಿರ್ಲಿಲ್ಲ. ಇವರು ವಾರದಾಗ ನಾಕು ದಿನ ಕೆಲಸದ ಮ್ಯಾಲ ಊರೂರು ತಿರಗ್ತಾರ, ಅತ್ತಿಯವ್ರಿಗೆ ಮೊಣಕಾಲ್ ನೋವು, ನಾನು ಮುಂಜಾನಿ ಸಾಲಿಗೆ ಕಲಿಸ್ಲಿಕ್ಕೆ ಹೋಗ್ತೀನಿ. ಉಚ್ಚಿ ವರಸೋದು, ರಾತ್ರಿ ಅದು ಅತ್ರ ಏಳೋದು ಎಲ್ಲಾ ನಾನೇ. ಆಡೋವಾಗ ಹಲ್ಲು ಹಚ್ಚಿ ಮಗಳ ಕೈಮ್ಯಾಲ ಗೀರು ಆಗ್ಯಾವ. ಮನಿ ಮಾಲಕರು ನಾಯಿ ಕಳಸ್ಲಿಕ್ಕೆ ಒಂದು ತಿಂಗಳ ಟೈಮ್ ಕೊಟ್ಟಾರ. ವಾಪಸ್ ಒಯ್ಯಪಾ ಅಂದ್ರ ಮೈದುನಗ ಸಿಟ್ಟು, 'ವೈನಿ, ಕೂಸಿನ ಖುಷಿ ನಿಮಗ ಕಾಣವಲ್ತೇನು, ನಾಯಿ ಬ್ಯಾಡಂದ್ರ ಗಿಳಿ ತಂದ್ಕೊಡ್ತೀನಿ' ಅಂತಾನ. ಅತ್ತಿಯವ್ರೂ ಅವನ ಕಡಿ. ಮಗಳಂತೂ ಬ್ಯಾಡ ಅಂದ್ರ ಉಣ್ಣೋದೇ ಬಿಡ್ತಾಳ. ಎಲ್ಲಾರಿಗೂ ನಾನೇ ಕೆಟ್ಟಾಕಿ ಆಗೀನಿ. ಏನ್ ಮಾಡ್ಲಿ?

ಉತ್ತರ: ತಂಗಿ, ಬಾಕಿ ಮಾತು ಆಮ್ಯಾಲ, ಮೊದಲ ಮಗಳ ಕೈ ನೋಡ್ರಿ. ಹಲ್ಲು ಹತ್ತಿ ಚರ್ಮ ಹರದಿದ್ರ, ಸಣ್ಣ ಮರಿ ಅದ ಏನಾಗ್ತದ ಅಂತ ಬಿಡಬ್ಯಾಡ್ರಿ, ಆ ಮರಿಗೆ ಇನ್ನ ರೇಬೀಸ್ ಇಂಜೆಕ್ಷನ್ ಆಗಿರೂದಿಲ್ಲ, ಯಾಕಂದ್ರ ಅದು ಮೂರು ತಿಂಗಳಿಗೆ ಹಾಕೋದು. ಇವತ್ತೇ ಸರ್ಕಾರಿ ದವಾಖಾನಿಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ಗೀರು ತೋರಸ್ರಿ, ಇಂಜೆಕ್ಷನ್ ಬೇಕು ಅಂದ್ರ ಹೇಳಿದ ತಾರೀಖಿಗೆ ಒಂದೂ ತಪ್ಪಸ್ದಂಗ ಹಾಕಸ್ರಿ. ಮುಂದ ಎಂದಾದ್ರೂ ಹಲ್ಲು ಹತ್ತಿದ್ರ ನಳದ ನೀರು ಬಿಟ್ಟು ಸಾಬೂನು ಹಚ್ಚಿ 15 ನಿಮಿಷ ತೊಳೀಬೇಕು, ಅರಿಶಿಣ, ಸುಣ್ಣ, ಖಾರ ಏನೂ ಹಚ್ಚಬಾರ್ದು. ಅತ್ತಿಯವ್ರಿಗೂ ಇದನ್ನ ಹೇಳಿಡ್ರಿ, ಹಿರೇರಿಗೆ ಮೊದಲು ನೆನಪಾಗೋದೇ ಅರಿಶಿಣ.

ಅಲ್ಲಿಂದ ಮರಿನ ದನದ ದವಾಖಾನಿಗೆ ಒಯ್ರಿ. ಇಟ್ಕೋತೀರೋ ಬಿಡ್ತೀರೋ, ಅದೂ ಒಂದು ಜೀವ ನಿಮ್ಮ ಮನ್ಯಾಗ ಅದ, ಇರೋತನಕ ಸರಿ ನೋಡ್ಕೋಬೇಕು. ತಂದಾಗ 40 ದಿನ ಅಂದ್ರ ಆರು ವಾರ ಸಹ ತುಂಬಿರ್ಲಿಲ್ಲ. 2017ರ ನಾಯಿ ಬ್ರೀಡಿಂಗ್ ನಿಯಮದಾಗ ಎಂಟು ವಾರದ ಒಳಗಿನ ಮರಿ ಮಾರಬಾರ್ದು ಅಂತ ಸ್ಪಷ್ಟ ಅದ, ಅಂದ್ರ ಮಾರಿದವ್ನೇ ತಪ್ಪು ಮಾಡ್ಯಾನ, ನಿಮ್ಮ ಮೈದುನಗ ಅದು ಗೊತ್ತಿರ್ಲಿಕ್ಕಿಲ್ಲ. ರಾತ್ರಿ ಅದು ಅಳೋದು ಹಟಕ್ಕಲ್ರಿ, ತಾಯಿ ಮಗ್ಗಲಾಗ ಮಲಗಬೇಕಾದ ವಯಸ್ಸು ಅದರದ್ದು. ಜಂತಿನ ಔಷಧ ಕೊಡಸ್ರಿ. ಪಾರ್ವೋ, ಡಿಸ್ಟೆಂಪರ್ ಅಂತ ನಾಯಿ ಮರಿಗೆ ಬರೋ ರೋಗದ ಲಸಿಕಿ ಆರರಿಂದ ಎಂಟು ವಾರಕ್ಕ ಶುರು ಆಗ್ತದ, ಮೂರ್ನಾಕು ವಾರಕ್ಕೊಮ್ಮೆ ಹಾಕ್ಕೋತ ಹದಿನಾರು ವಾರದ ತನಕ ನಡೀಬೇಕು, ಅಲ್ಲಿತನಕ ಬೀದಿಗೆ ಇಳಸಬ್ಯಾಡ್ರಿ. ಪಾರ್ವೋ ಬಂದ್ರ ರಕ್ತದ ಭೇದಿ ಹತ್ತಿ ಎರಡ್ಮೂರು ದಿನದಾಗ ಮರಿ ಹೋಗಿಬಿಡಬಹುದು. ಆಕಳ ಹಾಲು ಕೊಡ್ಲಿಕತ್ತಿದ್ರ ನಿಲ್ಲಸ್ರಿ, ಭಾಳ ಮರಿಗಳಿಗೆ ಅದರಿಂದನೇ ಹೊಟ್ಟಿ ಕೆಡ್ತದ. ಕೇಕ್ ಉಳದಿದ್ರ ಅದರ ಹತ್ರ ಇಡಬ್ಯಾಡ್ರಿ, ಚಾಕಲೇಟು, ಉಳ್ಳಾಗಡ್ಡಿ, ದ್ರಾಕ್ಷಿ ನಾಯಿಗೆ ವಿಷ.

ಈಗ ನೀವು ಕೇಳಿದ್ದಕ್ಕ ಬರ್ತೀನಿ. ನೀವು ಕೆಟ್ಟಾಕಿ ಅಲ್ಲ. ನಿಮ್ಮ ಮೈದುನ ಮಗಳಿಗೆ ಆಟಿಗಿ ಸಾಮಾನು ಕೊಟ್ಟಿಲ್ಲ, ನಿಮಗ ಹನ್ನೆರಡು ಹದಿಮೂರು ವರ್ಷದ ಕೆಲಸ ಕೊಟ್ಟಾನ, ಅದೂ ಕೇಳದೇ, ಕೇಕ್ ಮುಂದ ಇಪ್ಪತ್ತು ಮಂದಿ ನಿಂತಾಗ, ನೀವು ಬ್ಯಾಡ ಅನ್ಲಿಕ್ಕೆ ಬಾಯೇ ಬರಬಾರ್ದು ಅಂಥಾ ಹೊತ್ತಿನಾಗ. ಅವಂದು ಪ್ರೀತಿನೇ ಇರಬಹುದು, ನಾ ಇಲ್ಲ ಅನ್ನಂಗಿಲ್ಲ. ಆದ್ರ ಲೆಕ್ಕ ಹಾಕ್ರಿ, ಇವತ್ತು 8 ವರ್ಷದ ಹುಡುಗಿ ಆ ನಾಯಿ ಮುದಿ ಆಗೋ ಹೊತ್ತಿಗೆ ಬೆಂಗಳೂರೋ ಧಾರವಾಡೋ ಎಲ್ಲೋ ಹಾಸ್ಟೆಲ್ಲಿನಾಗ ಇರ್ತಾಳ, ಅದರ ಸಂಗಡ ಮನ್ಯಾಗ ಇರೋರು ನೀವೇ.

ಮತ್ತ ಬಂದಿರೋದು ಯಾವ ಜಾತಿ ನಾಯಿ ನೋಡ್ರಿ. ಹಸ್ಕಿ ಸೈಬೀರಿಯಾದಾಗ ಬರಫಿನ ಮ್ಯಾಲ ಬಂಡಿ ಎಳೀಲಿಕ್ಕೆ ಬೆಳಸಿದ ನಾಯಿ, ಮೈಮ್ಯಾಲ ಎರಡು ಪದರ ಕೂದಲು. ನಮ್ಮಂಗ ಅದಕ್ಕ ಮೈತುಂಬ ಬೆವರು ಬರಂಗಿಲ್ಲ, ಪಾದದಾಗ ಒಂಚೂರು, ಬಾಕಿ ಎಲ್ಲಾ ನಾಲಿಗಿ ಹೊರಗ ಹಾಕಿ ತೇಕಿನೇ ಮೈ ತಂಪ್ ಮಾಡ್ಕೋಬೇಕು. ಕಲಬುರಗಿದಾಗ ಶರಣಬಸವೇಶ್ವರ ಜಾತ್ರಿ ಮುಗೀತು ಅಂದ್ರ ಬಿಸಲು ಹ್ಯಾಂಗಿರ್ತದ ನಿಮಗ ನಾ ಹೇಳಬೇಕಾ, ಮೇ ತಿಂಗಳಾಗ 42, 43 ಡಿಗ್ರಿ, ಮ್ಯಾಲ ಆರ್‌ಸಿಸಿ ಸ್ಲ್ಯಾಬ್, ಮಧ್ಯಾಹ್ನ ಕರೆಂಟ್ ಹೋದ್ರ ನಾವೇ ಹಸಿ ಟವಲ್ ಹೊದ್ದು ಕುಂಡ್ರತೀವಿ. ಕೂದಲು ಬೋಳಸಿದ್ರಾತು ಅಂತ ಯಾರರೆ ಹೇಳಿದ್ರ ಕೇಳಬ್ಯಾಡ್ರಿ, ಆ ಕೂದಲು ಬಿಸಲಿಂದ ಚರ್ಮ ಕಾಯೋದೂ ಹೌದು.

ನಂದೇ ಒಂದು ಮಾತು ಹೇಳ್ತೀನಿ. ನನ್ನ ಮಗ ಆರು ವರ್ಷದವ ಇದ್ದಾಗ ನನ್ನ ತಮ್ಮ ಬೀದರದಿಂದ ಎರಡು ಬಿಳಿ ಮೊಲ ತಂದುಕೊಟ್ಟ, ನಾನೂ ತಮ್ಮನ ಮನಸ್ಸು ಯಾಕ ನೋಯಸ್ಲಿ ಅಂತ ಸುಮ್ಕ ಇಟ್ಕೊಂಡೆ. ಏಪ್ರಿಲ್ ತಿಂಗಳು. ಒಂದಿನ ಮದವಿಗೆ ಹೋಗಿ ನಾಕು ಗಂಟೆಕ್ಕ ಮನಿಗೆ ಬಂದ್ರ ಪಡಸಾಲ್ಯಾಗ ಬುಟ್ಟಿ ಮ್ಯಾಲ ಹಾಕಿದ್ದ ಹಸಿ ಗೋಣಿಚೀಲ ಒಣಗಿ ಕಟಕಟಿ ಆಗಿತ್ತು, ಒಳಗ ಎರಡೂ ಕಾಲು ಚಾಚಿ ಮಲಗಿದ್ವು, ಕಿವಿ ಮುಟ್ಟಿದ್ರ ಇನ್ನ ಬಿಸಿ ಇದ್ದವು. ಮಗ ಟ್ಯೂಷನ್‌ದಿಂದ ಬರೋದ್ರಾಗ ಬೇವಿನ ಗಿಡದ ಬುಡಕ್ಕ ಹುಗದು, ಓಡಿ ಹೋದ್ವಪಾ ಅಂತ ಹೇಳ್ದೆ. ಎರಡು ವಾರ ಆ ಹುಡುಗ ದಿನಾ ರಾತ್ರಿ ಗೇಟಿನ ಹತ್ರ ಗಜ್ಜರಿ ತುಂಡು ಇಟ್ಟು ಮಲಗ್ತಿದ್ದ, ನಸುಕಿನಾಗ ಎದ್ದು ನಾನೇ ಅದನ್ನ ತಗದು ಬಿಸಾಕ್ತಿದ್ದೆ, ಅವ ಬಂದು ನೋಡಿ ಅವ್ವಾ ರಾತ್ರಿ ಬಂದು ತಿಂದು ಹೋಗ್ಯಾವ ಅಂತ ಕುಣೀತಿದ್ದ. ದೊಡ್ಡವಾದ ಮ್ಯಾಲ ಖರೆ ಹೇಳಿದ್ರ ಅವ ಅಂದಿದ್ದು ಇಷ್ಟೇ, 'ಹೇಳಿದ್ರ ಅಳ್ತಿದ್ದೆ, ಅಷ್ಟೇ ಅಲಾ ಅವ್ವಾ.' ಆ ಮಾತು ಇವತ್ತಿಗೂ ನನಗ ಚುಚ್ತದ.

ಅದಕ್ಕ ಮಗಳಿಗೆ ಸುಳ್ಳು ಹೇಳಬ್ಯಾಡ್ರಿ. ಓಡಿ ಹೋತು, ಯಾರೋ ಒಯ್ದ್ರು ಅನ್ನಬ್ಯಾಡ್ರಿ, ನೀ ಸರಿ ಓದಲಿಲ್ಲ ಅದಕ್ಕೇ ಕಳಸಿದ್ವಿ ಅಂತಂತೂ ಎಂದೂ ಅನ್ನಬ್ಯಾಡ್ರಿ. ಗಂಡ ಹೆಂಡ್ತಿ ಇಬ್ರೂ ಕೂಡಿ ಕುಂತು, ಇದಕ್ಕ ನಮ್ಮೂರ ಬಿಸಲು ಆಗಿಬರಂಗಿಲ್ಲ, ಹಗಲೆಲ್ಲಾ ಒಂದೇ ಇರಬೇಕಾಗ್ತದ, ಕಾಕಾ ನಮ್ಮನ್ನ ಕೇಳದೇ ತಂದ, ಅದರಾಗ ನಿಂದೂ ತಪ್ಪಿಲ್ಲ ಮರೀದೂ ತಪ್ಪಿಲ್ಲ ಅಂತ ಹೇಳ್ರಿ. ಅಳ್ತಾಳ. ಅಳ್ಲಿ, ಬಾಜು ಕುಂಡ್ರಿ, ಅದೇ ಹೊತ್ತಿನಾಗ ಹೊಸಾ ಸೈಕಲ್ಲು ಮೊಬೈಲು ಅಂತ ಆಸಿ ತೋರಿಸಿ ಬಾಯಿ ಮುಚ್ಚಸಬ್ಯಾಡ್ರಿ. ಊಟ ಬಿಟ್ರೂ ಒಂದ್ಹೊತ್ತು ಬಿಡ್ತಾಳ, ನೀವು ಗಾಬರಿ ಆಗಬ್ಯಾಡ್ರಿ. ಮತ್ತ ಇದನ್ನ ಭಾಳ ದಿನ ಎಳೀಬ್ಯಾಡ್ರಿ, ಮಾಲಕರು ಕೊಟ್ಟ ತಿಂಗಳು ಮುಗಿಯೋತನಕ ಕಾದ್ರ ಹುಡುಗಿ ಮರಿ ಇಬ್ರಿಗೂ ಮೂರು ಪಟ್ಟು ಸಂಕಟ.

ಮೈದುನನ ಜೋಡಿ ನೀವು ಮಾತಾಡಬ್ಯಾಡ್ರಿ, ನಿಮ್ಮ ಯಜಮಾನ್ರು ಮಾತಾಡ್ಲಿ. ಇಲ್ಲಿ ನಾ ಸ್ವಲ್ಪ ಗಟ್ಟಿ ಹೇಳ್ತೀನಿ ತಂಗಿ, ನಿಮ್ಮ ಪತ್ರದಾಗ ಮೈದುನ ಅದಾನ, ಅತ್ತಿ ಅದಾರ, ಮಾಲಕರು ಅದಾರ, ಆದ್ರ ನಿಮ್ಮ ಯಜಮಾನ್ರು ಏನಂತಾರ ಅನ್ನೋದೇ ಇಲ್ಲ. ತಮ್ಮಗ ಅಣ್ಣ ಹೇಳಿದ್ರ ಅದು ಮನಿ ಮಾತು, ವೈನಿ ಹೇಳಿದ್ರ ಜಗಳ. ಫೋನ್ ಹಚ್ಚಿ, 'ನಿನ್ನ ಪ್ರೀತಿ ಗೊತ್ತದಪಾ, ಆದ್ರ ಈ ಮರಿ ಇಲ್ಲಿ ಬದುಕಂಗಿಲ್ಲ, ನೀನೇ ತಂದೀದಿ, ನೀನೇ ಇದಕ್ಕ ಒಂದು ಛಲೋ ಮನಿ ನೋಡು, ಬರೋ ಐತಾರ ಬಾ' ಅಂತ ದಿನ ಹೇಳಿ ಕರೀಲಿ. ಕೊಟ್ಟ ಗಿಫ್ಟ್ ವಾಪಸ್ ಮಾಡಿದ್ರು ಅಂತ ಅತ್ತಿಯವ್ರಿಗೆ ಬ್ಯಾಸರಾದ್ರ ಅವರಿಗೂ ಮಗನೇ ತಿಳಸ್ಲಿ. ಮೈದುನ ಒಪ್ಪಲಿಲ್ಲಂದ್ರ ದನದ ದವಾಖಾನಿ ಡಾಕ್ಟರಿಗೆ ಕೇಳ್ರಿ, ನಾಯಿ ಹುಡುಕೋರು ಅವರ ಹತ್ರನೇ ಬರ್ತಿರ್ತಾರ. ಬೀದರದಾಗ ಪಶುವೈದ್ಯಕೀಯ ಕಾಲೇಜದ, ಪರಿಚಯದವ್ರಿದ್ರ ಅಲ್ಲಿನೂ ವಿಚಾರಸ್ರಿ. ಹಗಲು ಮನ್ಯಾಗ ಮಂದಿ ಇರಬೇಕು, ತಂಪು ಇರಬೇಕು, ಅಂಥಲ್ಲಿ ಕೊಡ್ರಿ. ಮರಿ ಹಾಕಿಸಿ ಮಾರೋರಿಗೆ ಬ್ಯಾಡ. ರಿಂಗ್ ರೋಡಿನ ಕಡಿ ಬಿಟ್ಟು ಬರೋಣು ಅಂತ ಯಾರರೆ ಅಂದ್ರ ಬಾಯಿ ಮುಚ್ಚಸ್ರಿ. ಹಂಗ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆದಾಗ ಅಪರಾಧ, ಮೊದಲ ಸಲ ದಂಡ 50 ರೂಪಾಯಿ ದಾಟಂಗಿಲ್ಲ ಅನ್ನೋದು ನಿಜ, ಆದ್ರ ಆರು ವಾರದ ಮರಿ ಅಲ್ಲಿ ಒಂದು ರಾತ್ರಿ ಕಳ್ಯಂಗಿಲ್ಲ.

ಗಿಳಿ ಮಾತಿಗೂ ಅವತ್ತೇ ಉತ್ತರ ಕೊಟ್ಟುಬಿಡ್ಲಿ. ನಮ್ಮ ಕಡಿ ಪಂಜರದಾಗ ಇಡೋ ಹಸಿರು ಗಿಳಿ 1972ರ ವನ್ಯಜೀವಿ ಕಾಯ್ದೆದಾಗ ಬರ್ತದ, ಮಾರೋದೂ ತಪ್ಪು, ಸಾಕೋದೂ ತಪ್ಪು, ನಕ್ಷತ್ರ ಆಮಿನೂ ಹಂಗೇ. ಮಗಳಿಗೆ ಪ್ರಾಣಿ ಅಂದ್ರ ಖರೇನೇ ಜೀವ ಇದ್ರ ಛತ್ತಿನ ಮ್ಯಾಲ ಮಣ್ಣಿನ ಪರಾತದಾಗ ಹಕ್ಕಿಗೆ ನೀರಿಡೋ ಕೆಲಸ ಅಕಿಗೇ ಕೊಡ್ರಿ, ದಿನಾ ತೊಳದು ತುಂಬಸ್ಲಿ, ಈ ಬ್ಯಾಸಗಿ ಪೂರ್ತಿ ನಡಸಿದ್ಲಂದ್ರ ಮುಂದ ಸ್ವಂತ ಮನಿ ಆದಾಗ ನಾಯಿ ಮಾತು ಮತ್ತ ಆಡಬಹುದು, ಅದೂ ನಮ್ಮ ಬೀದಿ ಮರಿನೇ ಆದ್ರ ನನಗ ಭಾಳ ಖುಷಿ.

ಐತಾರ ಮರಿ ಹೋಗೋವಾಗ ಮಗಳನ್ನ ಬ್ಯಾರೆ ಕಡಿ ಕಳಸಬ್ಯಾಡ್ರಿ, ಅಕಿ ಕೈಲೇ ಕೊಡಸ್ರಿ. ಎಷ್ಟೊತ್ತಿಗೆ ಉಣ್ತದ, ಯಾವ ಲಸಿಕಿ ಆಗೇದ, ಎಲ್ಲಿ ಕೆರದ್ರ ಸುಮ್ಕ ಆಗ್ತದ, ಎಲ್ಲಾ ಒಂದು ಚೀಟ್ಯಾಗ ಅಕಿನೇ ಬರದು ಕೊಡ್ಲಿ. ಇಷ್ಟು ದಿನ ಅದು ಮಲಗಿದ ಹಳೀ ಬಟ್ಟಿ ಒಗೀದೇ ಹಂಗೇ ಸಂಗಡ ಕಳಸ್ರಿ, ಹೊಸಾ ಮನ್ಯಾಗ ಮೊದಲ ರಾತ್ರಿ ಆ ವಾಸನಿಗೆ ಅದಕ್ಕ ನಿದ್ದಿ ಹತ್ತತದ.