ವನಜಾಳನ್ನು ಎಲ್ಲಿ ಬಿಟ್ಟಿರಿ?

ಮಾನ್ಯ ಲೇಖಕಿಯವರಿಗೆ ನಮಸ್ಕಾರ.

ನೀವು ಕಳುಹಿಸಿದ ಮಕ್ಕಳ ಕಾದಂಬರಿಯನ್ನು ಪೂರ್ತಿ ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗುವುದಿಲ್ಲ. ಆದರೂ ಅಷ್ಟನ್ನೇ ತಿಳಿಸಿ ಹಸ್ತಪ್ರತಿಯನ್ನು ಹಿಂದಿರುಗಿಸಲು ಮನಸ್ಸಾಗಲಿಲ್ಲ. ಮೊದಲ ಮೂರು ಅಧ್ಯಾಯಗಳಲ್ಲಿ ಒಳ್ಳೆಯ ಕಥೆಯೊಂದು ಶುರುವಾಗಿದೆ, ನಾಲ್ಕನೆಯದರಲ್ಲಿ ನೀವೇ ಅದರ ಕೈ ಬಿಟ್ಟಿದ್ದೀರಿ.

ಸಿಂದಗಿ ಕಡೆಯ ಹಳ್ಳಿಯಿಂದ ಮೈಸೂರಿನ ಹೆಣ್ಣುಮಕ್ಕಳ ವಸತಿಶಾಲೆಗೆ ಬಂದ ಶಾಂತಾ ‘ನಾ ಬರಂಗಿಲ್ಲ’ ಎಂದಾಗ ಊಟದ ಸಾಲಿನಲ್ಲಿ ನಗು ಏಳುತ್ತದೆ. ತರಗತಿಯ ಮುಂದಾಳು ಸುಮಾಳ ಗುಂಪಿಗೆ ಸೇರುವ ಆಸೆಯಿಂದ ಅವಳು ಮಾತಿನ ಧಾಟಿ ಬದಲಿಸುತ್ತಾಳೆ, ಜಡೆ ಹೆಣೆಯುವ ರೀತಿ ಬದಲಿಸುತ್ತಾಳೆ, ಮನೆಯಿಂದ ತಂದ ಶೇಂಗಾ ಹಿಂಡಿಯ (ಚಟ್ನಿಪುಡಿಯ) ಡಬ್ಬಿಯನ್ನು ಟ್ರಂಕಿನ ತಳಕ್ಕೆ ಸೇರಿಸುತ್ತಾಳೆ. ಇಲ್ಲಿಯವರೆಗೆ ಪ್ರತಿ ಪುಟವೂ ನಂಬಿಕೆ ಹುಟ್ಟಿಸುತ್ತದೆ. ಆಮೇಲೆ ಸುಮಾ ಬಾವಿಗೆ ಬೀಳುತ್ತಾಳೆ, ಶಾಂತಾ ಅವಳನ್ನು ಮೇಲೆತ್ತುತ್ತಾಳೆ, ಇಡೀ ಹಾಸ್ಟೆಲ್ಲು ಚಪ್ಪಾಳೆ ತಟ್ಟುತ್ತದೆ. (ಹಾಸ್ಟೆಲಿನ ಅಂಗಳದಲ್ಲಿ ಈಗಲೂ ತೆರೆದ ಬಾವಿ ಉಳಿದಿದ್ದರೆ ವಾರ್ಡನ್ ಅವರ ಕೆಲಸ ಹೋಗುತ್ತದೆ, ಅದು ಬೇರೆ ಮಾತು.) ಜೀವ ಉಳಿಸಿದವಳಿಗೆ ಸಲ್ಲುವುದು ಕೃತಜ್ಞತೆ, ಅದನ್ನೇ ನೀವು ಸ್ನೇಹದ ಲೆಕ್ಕಕ್ಕೆ ಬರೆದುಕೊಂಡಿದ್ದೀರಿ. ಬಾವಿಗೆ ಬೀಳದೆ ಇದ್ದಿದ್ದರೆ ಸುಮಾ ಇವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳೇ ಎಂಬ ಪ್ರಶ್ನೆಗೆ ಹಸ್ತಪ್ರತಿಯಲ್ಲಿ ಉತ್ತರವಿಲ್ಲ.

ಇಂಗ್ಲಿಷ್ ಲೇಖಕಿ ಎನಿಡ್ ಬ್ಲೈಟನ್ ಅವರ, ಹುಡುಗಿಯರ ವಸತಿಶಾಲೆಯೊಂದರ ಕಥೆ ಹೇಳುವ ‘ಮ್ಯಾಲರಿ ಟವರ್ಸ್’ ಮಾಲೆಯನ್ನು ಬಾಲ್ಯದಲ್ಲಿ ಮೆಚ್ಚಿ ಓದಿದ್ದಾಗಿ ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. 1946ರಿಂದ 1951ರವರೆಗೆ ಬಂದ ಆ ಆರು ಪುಸ್ತಕಗಳಿಂದ ನೀವು ಎರವಲು ತಂದಿರುವುದು ಮಧ್ಯರಾತ್ರಿಯ ಕಳ್ಳ ಔತಣವನ್ನು ಮಾತ್ರ. ಬ್ರಿಟನ್ನಿನಲ್ಲಿ ಸಿಹಿತಿನಿಸಿಗೂ ಪಡಿತರವಿದ್ದ ವರ್ಷಗಳವು, ಆ ಕಟ್ಟುಪಾಡು ಮುಗಿದದ್ದು 1953ರಲ್ಲಿ. ಪುಸ್ತಕದಲ್ಲಿ ಕೇಕಿನ ತುಂಡನ್ನು ಕಂಡರೂ ಅಂದಿನ ಮಕ್ಕಳ ಬಾಯಲ್ಲಿ ನೀರೂರಿರಬೇಕು. ನಿಮ್ಮ ಹುಡುಗಿಯರು ರಾತ್ರಿ ಹನ್ನೆರಡಕ್ಕೆ ಕೇಕು ಕತ್ತರಿಸುವಾಗ ಆ ಆಸೆ ಕಾಣುವುದಿಲ್ಲ. ಅದೇ ಹೊತ್ತಿನಲ್ಲಿ ಟ್ರಂಕಿನ ತಳದಲ್ಲಿ ಶೇಂಗಾ ಹಿಂಡಿ ಮುಗ್ಗು ಹಿಡಿಯುತ್ತಿದೆ, ಅದು ಯಾರಿಗೂ ನೆನಪಿಲ್ಲ.

ಆ ಮಾಲೆಯಿಂದ ಕಲಿಯಬಹುದಾಗಿದ್ದದ್ದು ಬೇರೆಯೇ ಇತ್ತು. ಮೊದಲ ಪುಸ್ತಕದಲ್ಲಿ ಕಥಾನಾಯಕಿ ಡ್ಯಾರೆಲ್‌ಗೆ ಚುರುಕು ನಾಲಿಗೆಯ ಅಲಿಷಿಯಾಳ ಗೆಳೆತನ ಬೇಕು, ಆದರೆ ಅಲಿಷಿಯಾಳಿಗೆ ಆಗಲೇ ಬೆಟ್ಟಿ ಇದ್ದಾಳೆ. ಕೊನೆಗೆ ಡ್ಯಾರೆಲ್‌ಗೆ ಗೆಳತಿಯಾಗುವವಳು ಮೊದಮೊದಲು ಮುಖ ಕೊಟ್ಟೂ ಮಾತಾಡದಿದ್ದ ಸ್ಯಾಲಿ. ಬಯಸಿದವರು ಸಿಗದೆ, ಬಯಸದಿದ್ದವರು ಹತ್ತಿರವಾಗುವ ಈ ತಿರುವು ಎಂಥ ಶಾಲೆಯಲ್ಲೂ ನಿಜ. ಹಾಗೆಂದು ಆ ಪುಸ್ತಕಗಳ ದೋಷವನ್ನು ಮರೆಯುವಂತಿಲ್ಲ. ಅಲ್ಲಿ ಗುಂಪಿನ ತೀರ್ಪೇ ಬಹುಮಟ್ಟಿಗೆ ಸರಿ. ಮುದ್ದಿನಲ್ಲಿ ಬೆಳೆದು ಎದ್ದರೆ ಕೂತರೆ ಅಳುವ ಗ್ವೆಂಡೊಲಿನ್‌ಳನ್ನು ಮಾಲೆಯುದ್ದಕ್ಕೂ ಹೊರಗೇ ನಿಲ್ಲಿಸಲಾಗುತ್ತದೆ, ಅವಳ ಕಡೆಯಿಂದ ಅದು ಹೇಗೆ ಕಾಣುತ್ತಿತ್ತೆಂದು ಲೇಖಕಿ ನಿಂತು ಕೇಳುವುದು ಅಪರೂಪ. ಈ ದೋಷ ಮಾತ್ರ ನಿಮ್ಮಲ್ಲಿಗೆ ಹಾಗೆಯೇ ಬಂದಿದೆ.

ಏಕೆಂದರೆ ನಿಮ್ಮ ಹಸ್ತಪ್ರತಿಯಲ್ಲಿ ವನಜಾ ಇದ್ದಾಳೆ. ಮೊದಲ ರಾತ್ರಿ ಶಾಂತಾಳಿಗೆ ತನ್ನ ಹೊದಿಕೆಯನ್ನು ಕೊಟ್ಟವಳು, ಬೆಳಿಗ್ಗೆ ಸ್ನಾನದ ಸಾಲಿನಲ್ಲಿ ಅವಳ ಬಕೆಟ್ಟಿಗೆ ಜಾಗ ಹಿಡಿದವಳು, ಖಡಕ್ ರೊಟ್ಟಿಯನ್ನು ಹಿಂಡಿಯೊಂದಿಗೆ ಕೇಳಿ ತಿಂದವಳು. ಐದನೆಯ ಅಧ್ಯಾಯದಿಂದ ಮುಂದೆ ಅವಳ ಹೆಸರೇ ಇಲ್ಲ. ಶಾಂತಾ ಅವಳನ್ನು ಬಿಟ್ಟು ಸುಮಾಳ ಮೇಜಿಗೆ ಹೋಗಿ ಕೂತ ದಿನ ವನಜಾ ಯಾರ ಜೊತೆ ಉಂಡಳು? ಸುಮಾಳ ಗುಂಪು ವನಜಾಳನ್ನು ಗೇಲಿ ಮಾಡಿದಾಗ ಶಾಂತಾ ನಕ್ಕಳೇ, ಸುಮ್ಮನಿದ್ದಳೇ, ಎದ್ದು ಹೋದಳೇ? ಗುಂಪಿನಲ್ಲಿ ಒಬ್ಬಳಾಗಲು ಶಾಂತಾ ತೆತ್ತ ಬೆಲೆ ಇದೇ, ಮತ್ತು ಅದನ್ನು ಕೊನೆಗೆ ತೆತ್ತವಳು ವನಜಾ. ಹತ್ತು ಹನ್ನೆರಡರ ಓದುಗರಿಗೆ ಇದು ಭಾರವಾದೀತೆಂದು ಅಂಜಬೇಡಿ. ಇಂಥದ್ದನ್ನು ಅವರು ಶಾಲೆಯಲ್ಲಿ ದಿನವೂ ನೋಡುತ್ತಾರೆ, ಮಾಡುತ್ತಾರೆ ಕೂಡ.

ಮೊದಲ ಮೂರು ಅಧ್ಯಾಯಗಳನ್ನು ಮುಟ್ಟದೆ, ಅಲ್ಲಿಂದ ಮುಂದಿನದನ್ನು ಹೊಸದಾಗಿ ಬರೆದು ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಬಾವಿ ಬೇಡ. ಸುಮಾಳನ್ನು ಒಳ್ಳೆಯವಳನ್ನಾಗಿ ಮಾಡಲೇಬೇಕೆಂಬ ಹಟವೂ ಬೇಡ. ಕೊನೆಯ ಪುಟದಲ್ಲಿ ವಾರ್ಡನ್ ಬಾಯಿಂದ ಹೇಳಿಸಿರುವ ಸ್ನೇಹದ ಭಾಷಣವನ್ನು ಪೂರ್ತಿಯಾಗಿ ತೆಗೆದುಹಾಕಿ.

ಇಂತು,
ಸಂಪಾದಕ